ಎಂಎಸ್ ನರ್ಸ್ ಏನೇನು ಕೆಲಸ ಮಾಡಬೇಕು?

ಮಾನ್ಯ ಸಂಪಾದಕರೇ,

ನಮ್ಮ ಆಸ್ಪತ್ರೆಯ ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಮೆದುಳು-ಬೆನ್ನುಹುರಿಯ ನರಗಳ ಕಾಯಿಲೆ) ವಿಭಾಗದ ಸಹಾಯವಾಣಿ ನಿಂತುಹೋಗಿರುವ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ‘ರೋಗಿಗಳಿಗೆ ಯಾವ ತೊಂದರೆಯೂ ಆಗಿಲ್ಲ’ ಎಂದು ಆಡಳಿತಾಧಿಕಾರಿಗಳು ಹೇಳಿಕೆ ಕೊಟ್ಟಿದ್ದಾರೆ. ಆಗಿದೆ ಸ್ವಾಮಿ. ನಮಗೇ ಆಗಿದೆ. ಅದನ್ನು ಹೇಳೋಣ ಅಂತಲೇ ಈ ಪತ್ರ.

ನನ್ನ ತಂಗಿಗೆ ಎಂಎಸ್ ಇದೆ. ಮೊನ್ನೆ ಬೆಳಿಗ್ಗೆ ಅವಳಿಗೆ ಹಾಸಿಗೆಯಿಂದ ಏಳಲು ಆಗಲಿಲ್ಲ. ಕಾಲು ಮರಗಟ್ಟಿದ ಹಾಗಿತ್ತು. ಸಹಾಯವಾಣಿಗೆ ಫೋನ್ ಮಾಡಿದರೆ ‘ಸಂದೇಶ ಬಿಡಿ’ ಎಂಬ ರೆಕಾರ್ಡ್ ಮಾಡಿದ ದನಿ. ಸಂದೇಶ ಬಿಡೋಣ ಅಂದ್ರೆ ಪೆಟ್ಟಿಗೆ ಭರ್ತಿಯಾಗಿದೆಯಂತೆ! ಕೊನೆಗೆ ಅವಳನ್ನು ಎತ್ತಿಕೊಂಡು ತುರ್ತು ವಿಭಾಗಕ್ಕೆ ಹೋದೆವು. ಅಲ್ಲಿ ಸರದಿ. ನೆಟ್ಟಗೆ ಕೂರಲಾಗದವಳನ್ನು ಗಟ್ಟಿ ಕುರ್ಚಿಯಲ್ಲಿ ಕೂರಿಸಿಕೊಂಡು ಕಾದೆವು. ನನ್ನ ಕೆಲಸ ಕೆಟ್ಟಿತು, ಮಕ್ಕಳನ್ನು ಶಾಲೆಯಿಂದ ಕರೆತರುವವರು ಯಾರೂ ಇಲ್ಲ, ಅಮ್ಮನಿಗೆ ಬೇರೆ ಗಾಬರಿ.

ನೋಡಿದ ಕಿರಿಯ ವೈದ್ಯರು ಇದು ಎಂಎಸ್‌ನ ಹೊಸ ಅಟ್ಯಾಕ್ (ಕಾಯಿಲೆ ಮತ್ತೆ ಕೆರಳುವುದು) ಇರಬೇಕು, ಸ್ಟೀರಾಯ್ಡ್ ಶುರು ಮಾಡೋಣ ಎಂದರು. ಸಂಜೆ ಹೊತ್ತಿಗೆ ಮೂತ್ರ ಪರೀಕ್ಷೆಯ ವರದಿ ಬಂತು. ಅಟ್ಯಾಕ್ ಅಲ್ಲ, ಮೂತ್ರದ ಸೋಂಕು. ಎಂಎಸ್ ಇರುವವರಿಗೆ ಸೋಂಕೋ ಜ್ವರವೋ ಬಂದರೆ ಹಳೆಯ ಲಕ್ಷಣಗಳೆಲ್ಲ ಮತ್ತೆ ಏಳುತ್ತವೆ. ನೋಡುವವರಿಗೆ ಹೊಸ ಅಟ್ಯಾಕ್ ಥರವೇ ಕಾಣುತ್ತದೆ. ಸೋಂಕು ಇದ್ದಾಗ ಸ್ಟೀರಾಯ್ಡ್ ಕೊಟ್ಟರೆ ಸೋಂಕು ಜಾಸ್ತಿ ಆಗಬಹುದು. ಸಹಾಯವಾಣಿ ನೋಡಿಕೊಳ್ಳುವ ನಮ್ಮ ಎಂಎಸ್ ನರ್ಸ್ ಫೋನಿಗೆ ಸಿಕ್ಕಿದ್ದರೆ ಮೊದಲು ಕೇಳುತ್ತಿದ್ದದ್ದೇ ಇದನ್ನು: ‘ಜ್ವರ ಇದೆಯಾ? ಮೂತ್ರ ಮಾಡುವಾಗ ಉರಿ ಇದೆಯಾ?’ ಐದು ನಿಮಿಷದ ಮಾತು. ಅದಕ್ಕೆ ಒಂದು ಇಡೀ ದಿನ, ಒಂದು ತುರ್ತು ಹಾಸಿಗೆ, ಇಬ್ಬರು ವೈದ್ಯರು ಬೇಕಾಯಿತು.

ಆ ನರ್ಸ್ ಬಗ್ಗೆ ನನಗೆ ಒಂದಿಷ್ಟೂ ಬೇಸರ ಇಲ್ಲ. ಅವರ ಕೋಣೆಗೆ ಹೋಗಿ ನೋಡಿದವರಿಗೆ ಗೊತ್ತು. ಭುಜಕ್ಕೂ ಕಿವಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು ಒಬ್ಬ ರೋಗಿಗೆ ಸಮಾಧಾನ ಹೇಳುತ್ತಿರುತ್ತಾರೆ, ಕೈ ಮಾತ್ರ ಎಂಆರ್‌ಐ ದಿನಾಂಕಕ್ಕಾಗಿ ಪತ್ರ ಟೈಪ್ ಮಾಡುತ್ತಿರುತ್ತದೆ. ಪಕ್ಕದಲ್ಲಿ ರಕ್ತಪರೀಕ್ಷೆ ವರದಿಗಳ ರಾಶಿ. ಔಷಧಿ ಬಂತಾ ಅಂತ ವಿಚಾರಿಸುವವರೂ ಅವರೇ, ಅಂಗವಿಕಲರ ಅರ್ಜಿ ತುಂಬಿಸುವವರೂ ಅವರೇ, ಅಪಾಯಿಂಟ್‌ಮೆಂಟ್ ಬದಲಾಯಿಸುವವರೂ ಅವರೇ. ಇಷ್ಟು ವರ್ಷ ಕಲಿತು ಈ ಕಾಯಿಲೆಯ ಒಳಹೊರಗು ತಿಳಿದುಕೊಂಡವರ ಕೈಗೆ ಗುಮಾಸ್ತರ ಕೆಲಸ ಕೊಟ್ಟು ಕೂರಿಸಿದ್ದಾರೆ. ಈಗ ಅವರೇ ಹುಷಾರು ತಪ್ಪಿ ರಜೆ ಹಾಕಿದ್ದಾರೆ. ಹಾಕದೆ ಇನ್ನೇನು ಮಾಡಿಯಾರು? ಅವರ ಜಾಗಕ್ಕೆ ಬದಲಿ ಇಲ್ಲ. ಫೋನ್ ಎತ್ತಲೂ ಒಬ್ಬರಿಲ್ಲ.

ಕೆಲಸ ಮೊದಲಿನಷ್ಟೇ ಇದೆ ಎಂದು ಅಧಿಕಾರಿಗಳು ಅಂದುಕೊಂಡಂತಿದೆ. 1993ರಲ್ಲಿ ಎಂಎಸ್‌ಗೆ ಮೊದಲ ಇಂಟರ್‌ಫೆರಾನ್ ಚುಚ್ಚುಮದ್ದು ಬರುವವರೆಗೆ ಈ ಕಾಯಿಲೆಯ ಓಟ ತಡೆಯುವ ಔಷಧಿಯೇ ಇರಲಿಲ್ಲ. ಈಗ ಹತ್ತಾರು ಇವೆ, ಒಂದೊಂದಕ್ಕೂ ಒಂದೊಂದು ಕಾವಲು. ನಟಾಲಿಜುಮ್ಯಾಬ್ ಎಂಬ ಔಷಧಿ ತಗೊಳ್ಳುವವರಿಗೆ 4 ವಾರಕ್ಕೊಮ್ಮೆ ಡ್ರಿಪ್, ಜೊತೆಗೆ ಜೆಸಿ ಎಂಬ ವೈರಸ್ ಮೇಲೆ ಕಣ್ಣು, ಯಾಕಂದ್ರೆ ಅದು ಕೆರಳಿದರೆ ಮೆದುಳಿಗೇ ಕುತ್ತು ಬರಬಹುದು. ಆಕ್ರೆಲಿಜುಮ್ಯಾಬ್ 6 ತಿಂಗಳಿಗೊಮ್ಮೆ. ಅಲೆಮ್ಟುಜುಮ್ಯಾಬ್ ಆದರೆ ಕೊನೆಯ ಡೋಸ್ ಆದ ಮೇಲೂ 48 ತಿಂಗಳು ಪ್ರತಿ ತಿಂಗಳು ರಕ್ತ ನೋಡಬೇಕು. ಒಂದು ವರದಿ ಕಣ್ತಪ್ಪಿದರೆ ಹೊಣೆ ಯಾರು? ಔಷಧಿ ಬಂದಿದ್ದು ಒಳ್ಳೇದೇ, ತಂಗಿ ಇವತ್ತು ನಡೆದಾಡುವುದು ಅದರಿಂದಲೇ. ಆದರೆ ಇದನ್ನೆಲ್ಲ ನೋಡಿಕೊಳ್ಳುವ ಕೈ ಹೆಚ್ಚಾಗಲೇ ಇಲ್ಲವಲ್ಲ!

ಬ್ರಿಟನ್ನಿನ ಎಂಎಸ್ ಟ್ರಸ್ಟ್ ಎಂಬ ಸೇವಾಸಂಸ್ಥೆ ಒಬ್ಬ ಪೂರ್ಣಾವಧಿ ನರ್ಸ್‌ಗೆ 315 ರೋಗಿಗಳು ಎಂದು ಮಿತಿ ಹೇಳಿದೆ. ಮೊದಲು 358 ಇತ್ತು, ಕೆಲಸದ ಭಾರ ನೋಡಿ ಇಳಿಸಿದರು. ನಮ್ಮಲ್ಲಿ ಒಬ್ಬರ ತಲೆ ಮೇಲೆ ಎಷ್ಟು ಜನ ಇದ್ದಾರೆ ಅಂತ ಕೇಳಿದರೆ ಆಡಳಿತ ಕಚೇರಿಯಲ್ಲಿ ಉತ್ತರವೇ ಇಲ್ಲ. ಲೆಕ್ಕ ಇಟ್ಟಿದ್ದರೆ ತಾನೇ ಹೇಳುವುದು.

ಈ ಆಡಳಿತದವರ ಕಾರ್ಯವೈಖರಿ ಇಂದು ನಿನ್ನೆಯದಲ್ಲ. ಡ್ರಿಪ್ ಹಾಕುವ ಕೋಣೆಯ ಎಸಿ ಕೆಟ್ಟು ಯಾವ ಕಾಲ ಆಯಿತು? ಸೆಖೆಗೆ ಎಂಎಸ್ ರೋಗಿಗಳ ಕಣ್ಣು ಮಂಜಾಗುತ್ತದೆ, ಕಾಲು ಸೋಲುತ್ತದೆ ಅಂತ ಬರೆದುಕೊಟ್ಟೆವು. ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಸಾಲಿನ ಉತ್ತರ ಬಂತು. ಲಿಫ್ಟ್ ಕೆಟ್ಟಾಗ ಮೂರನೇ ಮಹಡಿಯ ನರರೋಗ ವಿಭಾಗಕ್ಕೆ ಮೆಟ್ಟಿಲು ಹತ್ತಿ ಬನ್ನಿ ಅಂದವರೂ ಇವರೇ. ಪಾದ ಇಡುವ ಪಟ್ಟಿಯೇ ಇಲ್ಲದ ಗಾಲಿಕುರ್ಚಿ ಇನ್ನೂ ಹಾಗೇ ಓಡಾಡುತ್ತಿದೆ. ಮುಂಬಾಗಿಲಿಗೆ ಮಾತ್ರ ಹೊಸ ಗಾಜು ಬಂತು. ಹಿಂದಿನ ಅಧಿಕಾರಿ ಇನ್ನೊಬ್ಬ ನರ್ಸ್ ಕೊಡುತ್ತೇವೆ ಎಂದು ರೋಗಿಗಳ ಸಭೆಯಲ್ಲೇ ಹೇಳಿದ್ದರು. ಅವರು ವರ್ಗವಾಗಿ ಹೋದರು, ಮಾತೂ ಅವರ ಜೊತೆಗೇ ಹೋಯಿತು.

ಟೈಪಿಂಗ್, ಫೋನ್, ದಿನಾಂಕ ನೋಡಿಕೊಳ್ಳಲು ಕೂಡಲೇ ಒಬ್ಬ ಗುಮಾಸ್ತರನ್ನು ಕೊಡಿ. ಇಲ್ಲವೇ ಇನ್ನೊಬ್ಬ ಎಂಎಸ್ ನರ್ಸ್ ಕೊಡಿ. ನಿಜ ಹೇಳಬೇಕೆಂದರೆ ಎರಡೂ ಬೇಕು. ಎಸಿ ಕೂಡ ಸರಿಪಡಿಸಿ. ಸಹಾಯವಾಣಿ ಇದೆ ಅಂತ ಬೋರ್ಡ್ ಹಾಕಿ, ಎತ್ತಲು ಜನ ಇಡದೆ, ತೊಂದರೆ ಆಗಿಲ್ಲ ಅಂತ ಪತ್ರಿಕೆಗೆ ಹೇಳಿಕೆ ಕೊಡುವುದಕ್ಕೆ ಸ್ವಲ್ಪವಾದರೂ ನಾಚಿಕೆ ಬೇಡವೇ? ಹೇಳಿಕೆ ಕೊಟ್ಟವರು ಒಂದು ಸಲ ಆ ನಂಬರಿಗೆ ತಾವೇ ಫೋನ್ ಮಾಡಿ ನೋಡಲಿ.

— ಎಂಎಸ್ ರೋಗಿಯೊಬ್ಬರ ಅಣ್ಣ