ಚಾಳೀಸಿನ ಕನ್ನಡಕ, ದಪ್ಪಕ್ಷರದ ಪುಸ್ತಕ: ನಮ್ಮ ರಾತ್ರಿ ಶಾಲೆಗೊಂದು ಮನವಿ

ಮಾನ್ಯರೇ, ನಮಸ್ಕಾರ.

ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಮೂರು ಊರುಗಳಲ್ಲಿ ನಮ್ಮ ಟ್ರಸ್ಟ್ ರಾತ್ರಿ ಶಾಲೆ ನಡೆಸುತ್ತಿದೆ. ಕಲಿಯಲು ಬರುವವರು 60 ಜನ. ಹೆಚ್ಚಿನವರು ಹೊಲದ ಕೂಲಿಗೆ ಹೋಗುವ ಹೆಂಗಸರು, ಉಳಿದವರು ಅರ್ಧಕ್ಕೆ ಶಾಲೆ ಬಿಟ್ಟ ಹುಡುಗ ಹುಡುಗಿಯರು. ನಮಗೆ 68,500 ರೂಪಾಯಿ ಬೇಕಾಗಿದೆ. ಕೊನೆಯವರೆಗೆ ಓದಿಸಿ ಆಮೇಲೆ ಕೈಚಾಚುವುದು ನನಗೆ ಹಿಡಿಸುವುದಿಲ್ಲ, ಹಾಗಾಗಿ ಮೊತ್ತವನ್ನು ಮೊದಲೇ ಹೇಳಿದ್ದೇನೆ.

2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದಾಗ ನಮ್ಮ ಜಿಲ್ಲೆಯದು ಶೇ 51.83. ರಾಜ್ಯದಲ್ಲೇ ಕಡೆಯ ಸ್ಥಾನ. ಇದನ್ನು ಓದಿ ಮರುಕಪಡಬೇಡಿ. ನಮ್ಮ ಮೊದಲ ವರ್ಷದ ತಪ್ಪನ್ನು ಕೇಳಿದರೆ ಹಣ ಯಾತಕ್ಕೆಂದು ತಿಳಿಯುತ್ತದೆ.

ಆ ವರ್ಷ ನಾವು ಒಂದನೇ ತರಗತಿಯ ಗೋಡೆ ಪಟ, ಬಣ್ಣದ ಚಿತ್ರಗಳ ಪುಸ್ತಕ, ಸ್ಲೇಟು ಹೊತ್ತುಕೊಂಡು ಹನುಮಂತ ದೇವರ ಗುಡಿಯ ಪಡಸಾಲೆಗೆ ಹೋದೆವು. ‘ಆ’ ಎಂದರೆ ಆನೆ ಎಂದು ಐವತ್ತು ದಾಟಿದವರ ಬಾಯಲ್ಲಿ ಹೇಳಿಸಿದೆವು. ಅವರು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಮೂರನೇ ವಾರಕ್ಕೆ ಅರ್ಧಕ್ಕೂ ಹೆಚ್ಚು ಚಾಪೆ ಖಾಲಿ. ‘ಇವರಿಗೆ ಆಸಕ್ತಿಯಿಲ್ಲ’ ಎಂದು ನಾನೇ ಸಭೆಯಲ್ಲಿ ಹೇಳಿದ್ದೆ. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಬಿಟ್ಟುಹೋದ ಒಬ್ಬ ತಾಯಿಯ ಮನೆಗೆ ಹೋದಾಗ ಅವರು ಕೌದಿ ಹೊಲಿಯುತ್ತಿದ್ದರು. ಸೂಜಿಗೆ ದಾರ ಪೋಣಿಸಲು ಮೊಮ್ಮಗಳನ್ನು ಕೂಗಿದರು. ‘ಯಾಕವ್ವ, ನೀವೇ ಪೋಣಿಸಲು ಆಗುವುದಿಲ್ಲವೇ?’ ಎಂದು ಕೇಳಿದೆ. ‘ಚಾಳೀಸು ಬಂದು ಎಷ್ಟೋ ವರ್ಷವಾಯಿತಲ್ಲ ತಮ್ಮಾ, ನಿನ್ನ ಅಕ್ಷರವೂ ನನಗೆ ಇರುವೆ ಸಾಲಿನಂತೆಯೇ ಕಾಣುತ್ತಿತ್ತು’ ಎಂದರು. ನಲವತ್ತು ದಾಟಿದ ಮೇಲೆ ಹತ್ತಿರದ್ದು ಮಸುಕಾಗುವುದು ಯಾರಿಗೂ ತಪ್ಪಿದ್ದಲ್ಲ. ನನ್ನ ಮೂಗಿನ ಮೇಲೇ ಕನ್ನಡಕವಿತ್ತು! ಆದರೂ ಕಂದೀಲಿನಂಥ ಬೆಳಕಿನಲ್ಲಿ ಬರಿಗಣ್ಣಿನವರಿಗೆ ಸಣ್ಣಕ್ಷರ ಕಲಿಸಲು ಕೂತಿದ್ದೆ. ಈಗ ಹೊಸಬರು ಬಂದರೆ ಮೊದಲ ಸಂಜೆ ಪುಸ್ತಕ ತೆರೆಯುವುದಿಲ್ಲ, ಕಣ್ಣು ನೋಡಿಸುತ್ತೇವೆ. ಪೊರೆ ಬಂದಿದ್ದರೆ ಆಸ್ಪತ್ರೆಗೆ ಕಳುಹಿಸುತ್ತೇವೆ, ಬರಿಯ ಚಾಳೀಸಾದರೆ ಕನ್ನಡಕ ಕೊಡುತ್ತೇವೆ. ಒಂದಕ್ಕೆ 150 ರೂಪಾಯಿ. ಇಡೀ ಪಟ್ಟಿಯಲ್ಲಿ ಇದಕ್ಕಿಂತ ಉಪಯುಕ್ತವಾದ ಪಠ್ಯಸಾಮಗ್ರಿ ನನಗೆ ಕಂಡಿಲ್ಲ.

ಆಮೇಲೆ ಪಾಠದ ಪ್ರಶ್ನೆ. ವರ್ಣಮಾಲೆಯ 49 ಅಕ್ಷರಗಳನ್ನು ಸಾಲಾಗಿ ತಿದ್ದಿಸುತ್ತಾ ಹೋದರೆ ಙ, ಞ ಬರುವ ಹೊತ್ತಿಗೆ ಹತ್ತಿ ಬಿಡಿಸುವ ಕಾಲ ಬಂದಿರುತ್ತದೆ. ಆ ಎರಡು ಅಕ್ಷರಗಳು ಹೊಲದಲ್ಲೂ ಸಿಗುವುದಿಲ್ಲ, ಸಂತೆಯಲ್ಲೂ ಸಿಗುವುದಿಲ್ಲ. ನಮ್ಮ ಸರ್ಕಾರಿ ಶಾಲೆಗಳ ಪುಟ್ಟ ಮಕ್ಕಳೂ ರ, ಗ, ಸ, ದ, ಅ ಎಂದು ಶುರು ಮಾಡಿ ಬೇಗನೆ ‘ಗರಗಸ’, ‘ಅಗಸ’, ‘ಅರಸ’ ಓದುತ್ತಾರೆ. ದೊಡ್ಡವರಿಗೆ ನಾವು ಬಸ್ಸಿನ ಬೋರ್ಡು ಹಿಡಿದೆವು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಹೆಂಗಸರಿಗೆ ಟಿಕೆಟ್ಟಿನ ಚಿಂತೆ ತಪ್ಪಿತು. ಯಾವ ಬಸ್ಸು ಎಂದು ಪಕ್ಕದವರನ್ನು ಕೇಳುವ ಮುಜುಗರ ಮಾತ್ರ ಉಳಿಯಿತು. ಸುರಪುರ, ಶಹಾಪುರ, ಯಾದಗಿರಿ, ಕಲಬುರಗಿ, ರಾಯಚೂರು: ಈ ಐದು ಬೋರ್ಡುಗಳನ್ನು ನೋಡಿ. ಒಂದರಲ್ಲೂ ಒತ್ತಕ್ಷರವಿಲ್ಲ! 12 ವ್ಯಂಜನ, ಕೊಂಬು, ಗುಡಿಸು, ದೀರ್ಘ ತಿಳಿದರೆ ಐದೂ ಊರು ಕೈಗೆ ಬರುತ್ತವೆ. ನಮ್ಮ ಸೀಮೆಯ ಹಿರಿಯರು ಊರುಗಳಿಗೆ ಹೆಸರಿಡುವಾಗಲೇ ರಾತ್ರಿ ಶಾಲೆಯನ್ನು ನೆನೆದಿದ್ದರೇನೋ ಎಂದು ನಾವು ತಮಾಷೆ ಮಾಡುತ್ತೇವೆ.

ಕಲಿಯುವವರ ಬದುಕಿನ ಪದದಿಂದಲೇ ಪಾಠ ಆರಂಭಿಸುವುದು ನಾವು ಕಂಡುಹಿಡಿದದ್ದಲ್ಲ. ಬ್ರೆಜಿಲ್‌ನ ಶಿಕ್ಷಣತಜ್ಞ ಪಾವ್ಲೋ ಫ್ರೇರೆ 1963ರಲ್ಲಿ ಆಂಜಿಕೋಸ್ ಎಂಬ ಊರಿನ ಕೂಲಿಕಾರರಿಗೆ ಹೀಗೆಯೇ ಕಲಿಸಿದರು. ನಾವು ಮಾಡಿದ್ದು ಅದನ್ನು ತೊಗರಿ, ಹತ್ತಿಯ ನಾಡಿಗೆ ಒಗ್ಗಿಸಿಕೊಂಡದ್ದು ಅಷ್ಟೆ. ಕುಡುಗೋಲು ಹಿಡಿದು ಬಿಗಿಯಾದ ಬೆರಳಿಗೆ ಪೆನ್ಸಿಲ್ ನಿಲ್ಲುವುದಿಲ್ಲ, ಒತ್ತಿದರೆ ಮೊನೆ ಮುರಿಯುತ್ತದೆ. ಆದರೆ ಅದೇ ಕೈ ನಿತ್ಯ ಬೆಳಿಗ್ಗೆ ಅಂಗಳದಲ್ಲಿ ಚುಕ್ಕಿಯಿಟ್ಟು ರಂಗೋಲಿ ಎಳೆಯುತ್ತದೆ. ಹಾಗಾಗಿ ಮೊದಲ ವಾರ ಅಕ್ಷರಗಳೆಲ್ಲ ರಂಗೋಲಿ ಪುಡಿಯಲ್ಲೇ ಮೂಡುತ್ತವೆ. ಆಮೇಲೆ ದಪ್ಪ ಪೆನ್ಸಿಲ್.

ಲೆಕ್ಕವನ್ನು ನಾವು ಕಲಿಸುವುದು ಬಹಳ ಕಡಿಮೆ. ಬಿಡಿಸಿದ ಹತ್ತಿಗೆ ಕಿಲೋ ಲೆಕ್ಕದಲ್ಲಿ ಕೂಲಿ ಎಣಿಸಿಕೊಳ್ಳುವವರಿಗೆ ನಾವೇನು ಕೂಡಿಸಿ ಕಳೆಯುವುದು! ಬಾಯಿಲೆಕ್ಕವನ್ನು ಕಾಗದಕ್ಕೆ ಇಳಿಸಿದರೆ ಸಾಕು. ಮೊಬೈಲಿನಲ್ಲೂ ತೂಕದ ಚೀಟಿಯಲ್ಲೂ ಕಾಣುವ 1, 2, 3 ಮೊದಲು, ಕನ್ನಡದ ಅಂಕಿಗಳು ಆಮೇಲೆ. ಇದಕ್ಕೆ ಕನ್ನಡಾಭಿಮಾನಿ ಗೆಳೆಯರೊಬ್ಬರು ನನ್ನೊಡನೆ ಮುನಿಸಿಕೊಂಡಿದ್ದಾರೆ, ಇರಲಿ. ಗೃಹಲಕ್ಷ್ಮಿಯ 2,000 ರೂಪಾಯಿ ತೆಗೆಯಲು ಹೋದವರು ಚೀಟಿ ತುಂಬಿಸಿಕೊಡಿ ಎಂದು ಇನ್ನೊಬ್ಬರ ಮುಂದೆ ನಿಲ್ಲಬಾರದು. ಆ ಚೀಟಿಯ ನಮೂನೆಯನ್ನೇ ದೊಡ್ಡದಾಗಿ ಮುದ್ರಿಸಿ ಅಭ್ಯಾಸಕ್ಕೆ ಕೊಡುತ್ತೇವೆ.

ಹುಡುಗ ಹುಡುಗಿಯರದು ಬೇರೆಯೇ ಕಥೆ. ಶಿಕ್ಷಣ ಹಕ್ಕು ಕಾಯ್ದೆಯ ಕೈ 6ರಿಂದ 14 ವರ್ಷದವರೆಗೆ ಮಾತ್ರ ಚಾಚುತ್ತದೆ. ಐದನೆಯದೋ ಏಳನೆಯದೋ ಓದಿ, ತಂದೆತಾಯಿಯ ಜೊತೆ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗಿ, ಹದಿನೇಳಕ್ಕೆ ಊರಿಗೆ ಬಂದವರನ್ನು ಅದು ಕೇಳುವುದಿಲ್ಲ. ಅವರಿಗೆ ಅಕ್ಷರ ಗೊತ್ತು, ಓದು ಮಾತ್ರ ತಡವರಿಸುತ್ತದೆ. ಅವ್ವಂದಿರ ಜೊತೆ ಕೂರಲು ನಾಚಿಕೆ. ವಾಹನ ಕಲಿಕಾ ಪರವಾನಗಿಯ ಪ್ರಶ್ನೆಗಳು, ರಸ್ತೆ ಚಿಹ್ನೆಗಳನ್ನೇ ಅವರಿಗೆ ವಾಚನ ಪಾಠವಾಗಿ ಕೊಟ್ಟೆವು. ತಪ್ಪಿಸಿಕೊಂಡು ತಿರುಗುತ್ತಿದ್ದವರು ಪಾಠಕ್ಕೆ ಮೊದಲೇ ಬಂದು ಕೂತರು. ಹುರುಪಿದ್ದವರನ್ನು ಖಾಸಗಿ ಅಭ್ಯರ್ಥಿಗಳಾಗಿ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಅಣಿಗೊಳಿಸುತ್ತಿದ್ದೇವೆ.

1988ರಲ್ಲಿ ಆರಂಭವಾದ ರಾಷ್ಟ್ರೀಯ ಸಾಕ್ಷರತಾ ಮಿಷನ್ ಮೂರು ಪುಸ್ತಕಗಳ ಕಲಿಕೆಗೆ 200 ಗಂಟೆ ಲೆಕ್ಕ ಹಾಕಿತ್ತು. ರೊಟ್ಟಿ ಬಡಿದು, ಪಾತ್ರೆ ತೊಳೆದು ಬರುವವರಿಗೆ ರಾತ್ರಿ ಸಿಗುವುದು ಒಂದೂವರೆ ಗಂಟೆ. ವಾರಕ್ಕೆ ಐದು ರಾತ್ರಿ ಎಂದರೂ 27 ವಾರ ಬೇಕು. ನಡುವೆ ಹತ್ತಿ, ತೊಗರಿ, ಗುಳೆ. ಆದ್ದರಿಂದ ನಮ್ಮ ಪುಸ್ತಕಗಳು 16 ಪುಟದವು, ದಪ್ಪಕ್ಷರದವು, ಎಲೆ ಅಡಿಕೆಯ ಸಂಚಿಯಲ್ಲಿ ಮಡಚದೆ ಕೂರುವ ಅಳತೆಯವು. ಗುಳೆ ಹೋಗುವಾಗ ಸಂಚಿಯ ಜೊತೆ ಪಾಠವೂ ಹೋಗುತ್ತದೆ. ಕೇಂದ್ರ ಸರ್ಕಾರದ ಈಗಿನ ವಯಸ್ಕರ ಸಾಕ್ಷರತೆಯ ‘ಉಲ್ಲಾಸ್’ ಕಾರ್ಯಕ್ರಮದ ಮೊಬೈಲ್ ಆ್ಯಪ್ ಕೂಡ ಇದೆ, ಆದರೆ ಮನೆಯ ಸ್ಮಾರ್ಟ್‌ಫೋನ್ ಮಗನ ಕಿಸೆಯಲ್ಲಿರುತ್ತದೆ.

ಲೆಕ್ಕ ಹೀಗಿದೆ. ಕನ್ನಡಕಕ್ಕೆ 150, ನೋಟುಪುಸ್ತಕ, ದಪ್ಪ ಪೆನ್ಸಿಲ್, ಅಭ್ಯಾಸದ ನಮೂನೆಗಳಿರುವ ಚೀಲಕ್ಕೆ 450, ಒಬ್ಬರಿಗೆ ಒಟ್ಟು 600 ರೂಪಾಯಿಯಂತೆ 60 ಜನರಿಗೆ 36,000. ಹುಡುಗರಿಗೆ ಕನ್ನಡಕ ಬೇಡವಾದರೆ ಉಳಿದದ್ದು ಅವರ ಪರೀಕ್ಷಾ ಶುಲ್ಕಕ್ಕೆ ಹೋಗುತ್ತದೆ. ಐದು ಪುಸ್ತಕಗಳ ತಲಾ 200 ಪ್ರತಿ ಮುದ್ರಿಸಲು 25,000. ಕರೆಂಟು ಹೋದಾಗ ಉರಿಯುವ ಬ್ಯಾಟರಿ ದೀಪಗಳಿಗೆ ಮೂರು ಕೇಂದ್ರಕ್ಕೆ 7,500. ಕಲಿಸುವವರು ಗೌರವಧನ ಪಡೆಯುವುದಿಲ್ಲ.

ದೇಣಿಗೆಯನ್ನು ಚೆಕ್ ಅಥವಾ ಬ್ಯಾಂಕ್ ಮೂಲಕ ಟ್ರಸ್ಟಿನ ಹೆಸರಿಗೇ ಕಳುಹಿಸಿ. ನಗದಾಗಿ 2,000 ರೂಪಾಯಿಗಿಂತ ಹೆಚ್ಚು ಕೊಟ್ಟರೆ ನಿಮಗೆ ತೆರಿಗೆ ರಿಯಾಯಿತಿ ಸಿಗುವುದಿಲ್ಲ. ಎಷ್ಟೇ ಕೊಟ್ಟರೂ ರಶೀದಿ ಬರುತ್ತದೆ, ವರ್ಷದ ಕೊನೆಗೆ ಖರ್ಚಿನ ಪಟ್ಟಿಯೂ ಬರುತ್ತದೆ.

ಮಕ್ಕಳ ಹಳೆಯ ಪಠ್ಯಪುಸ್ತಕಗಳನ್ನು ದಯವಿಟ್ಟು ಕಳುಹಿಸಬೇಡಿ. ಹೋದ ಬಾರಿ ಬಂದ ಎರಡು ಮೂಟೆ ಇನ್ನೂ ಮೂಲೆಯಲ್ಲಿವೆ. ಬೇರೆಯವರ ಹಳೆಯ ಕನ್ನಡಕವೂ ಬೇಡ, ನಂಬರು ಹೊಂದುವುದಿಲ್ಲ. ಹಣ ಕೊಡಲಾಗದವರು ಮನೆಯಲ್ಲಿ ಬಿದ್ದಿರುವ ಕನ್ನಡದ ಲಗ್ನಪತ್ರಿಕೆಗಳನ್ನು ಕಟ್ಟಿ ಕಳುಹಿಸಿ. ವರ ಯಾರು, ವಧು ಯಾರು, ಸೋದರಮಾವನ ಹೆಸರು ಹಾಕಿಸಿದ್ದಾರೋ ಇಲ್ಲವೋ ಎಂದು ಹುಡುಕುತ್ತಾ ನಮ್ಮ ಅವ್ವಂದಿರು ಒತ್ತಕ್ಷರಗಳನ್ನೂ ಓದಿಬಿಡುತ್ತಾರೆ.

ತಮ್ಮ ವಿಶ್ವಾಸಿ,
ಟ್ರಸ್ಟಿನ ಕಾರ್ಯದರ್ಶಿ