ಮಗಳಿಗೊಂದು ಪತ್ರ: ಕೊನೆಯ ಸಲ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ?

ಕೋಲಾರ

ಪ್ರೀತಿಯ ಮಗಳೇ,

ಸೋಮವಾರದಿಂದ ನಿನಗೆ ನರರೋಗಗಳ ವಾರ್ಡಿನಲ್ಲಿ ಪೋಸ್ಟಿಂಗ್ ಎಂದೆ. ಮಿದುಳಿನ ಪಾಠ ಎಷ್ಟು ಓದಿದರೂ ತಲೆಗೆ ಹತ್ತುತ್ತಿಲ್ಲ ಎಂದು ಫೋನಿನಲ್ಲಿ ಅತ್ತೆ. ಇಷ್ಟು ವರ್ಷ ಸರ್ಕಾರಿ ಆಸ್ಪತ್ರೆಯ ವಾರ್ಡುಗಳಲ್ಲಿ ದುಡಿದವಳಾಗಿ ನನಗೆ ಗೊತ್ತಿರುವುದನ್ನು ಬರೆಯುತ್ತೇನೆ. ಈ ರೋಗಿಗಳ ಬಳಿ ಹೋದಾಗ ನೀನು ಮೊದಲು ಹಿಡಿದಿಡಬೇಕಾದದ್ದು ಗಂಟೆ, ನಿಮಿಷ.

ನಿನ್ನ ತಾತನಿಗೆ ಲಕ್ವ ಹೊಡೆದಾಗ ನೀನು ಎರಡನೆಯ ತರಗತಿಯಲ್ಲಿದ್ದೆ. ಡೇರಿಗೆ ಹಾಲು ಹಾಕಿ ಬಂದು ಜಗಲಿಯ ಮೇಲೆ ಕುಳಿತವರ ಬಲಗೈಯಿಂದ ಕಾಫಿ ಲೋಟ ಜಾರಿತು. ಬಾಯಿಯ ಬಲಮೂಲೆ ಇಳಿಯಿತು, ಮಾತು ತೊದಲಿತು. ನಾನು ರಾತ್ರಿ ಪಾಳಿ ಮುಗಿಸಿ ಇನ್ನೂ ಮನೆಗೆ ಬಂದಿರಲಿಲ್ಲ. ಮನೆಯವರು ಕೈಕಾಲಿಗೆ ಹರಳೆಣ್ಣೆ ತಿಕ್ಕಿ, ನೀರು ಕುಡಿಸಿ, ಲಕ್ವಕ್ಕೆ ನಾಟಿ ಔಷಧಿ ಕೊಡುವವರ ಬಳಿ ಕರೆದೊಯ್ದರು. ಅಲ್ಲಿಂದ ಬೆಂಗಳೂರಿನ ಆಸ್ಪತ್ರೆಯೊಂದನ್ನು ಸೇರುವ ವೇಳೆಗೆ ಮಧ್ಯಾಹ್ನವಾಗಿತ್ತು. ಕೊನೆಯ ಸಲ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ ಎಂದು ಡಾಕ್ಟರ್ ಕೇಳಿದಾಗ ನಾನು ತಾತನ ಅಂಗಿಯ ಜೇಬಿನಲ್ಲಿದ್ದ ಡೇರಿಯ ಚೀಟಿ ತೆಗೆದೆ. ಲೀಟರು, ಕೊಬ್ಬಿನಂಶಗಳ ಕೆಳಗೆ 6.42 ಎಂದು ಅಚ್ಚಾಗಿತ್ತು. ಡಾಕ್ಟರ್ ಆ ಚೀಟಿಯನ್ನು ನೋಡಿ, ಗೋಡೆಯ ಗಡಿಯಾರವನ್ನು ನೋಡಿ, ಸುಮ್ಮನಾದರು.

ಆ ಮೌನದ ಅರ್ಥ ನಿನಗೆ ತಿಳಿದಿರಬೇಕು. ಪಾರ್ಶ್ವವಾಯುಗಳಲ್ಲಿ ಬಹುಪಾಲು, ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡು ಆಗುವಂಥವು. ಉಳಿದವು ನಾಳ ಒಡೆದು ರಕ್ತ ಸುರಿದು ಆಗುವಂಥವು. ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ, ಕೊನೆಯ ಸಲ ಚೆನ್ನಾಗಿದ್ದ ಹೊತ್ತಿನಿಂದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ರಕ್ತಸ್ರಾವವಾದವರಿಗೆ ಅದನ್ನೇ ಕೊಟ್ಟರೆ ಜೀವಕ್ಕೆ ಅಪಾಯ. ಎರಡನ್ನೂ ಹೊರಗಿನಿಂದ ನೋಡಿ ಬೇರ್ಪಡಿಸಲಾಗದ್ದರಿಂದ ಸಿಟಿ ಸ್ಕ್ಯಾನ್ ಆಗಲೇಬೇಕು. ಬೆಳಿಗ್ಗೆ ಏಳುವಾಗಲೇ ಕೈ ಬಿದ್ದುಹೋಗಿತ್ತು ಎಂದು ಮನೆಯವರು ಹೇಳಿದರೆ, ಎದ್ದ ಹೊತ್ತನ್ನು ಬರೆಯಬೇಡ, ರಾತ್ರಿ ಮಲಗುವ ಮುನ್ನ ಸರಿಯಾಗಿದ್ದ ಹೊತ್ತನ್ನು ಕೇಳಿ ಬರೆ. ರಕ್ತದ ಸಕ್ಕರೆಯನ್ನು ತಪ್ಪದೆ ನೋಡು, ಏಕೆಂದರೆ ಸಕ್ಕರೆ ತೀರ ಇಳಿದವರೂ ಥೇಟ್ ಲಕ್ವದವರಂತೆಯೇ ಕಾಣುತ್ತಾರೆ.

ಕುಡಿಸಿದ ಆ ನೀರಿನ ಬಗ್ಗೆಯೂ ಹೇಳಬೇಕು. ನುಂಗುವ ಶಕ್ತಿ ಕುಂದಿದ್ದ ತಾತನಿಗೆ ಅದು ಶ್ವಾಸಕೋಶಕ್ಕೆ ಇಳಿಯಿತು, ಮೂರನೆಯ ದಿನ ಜ್ವರ ಬಂತು, ನ್ಯುಮೋನಿಯಾ ಎಂದರು. ಕೈಕಾಲಿನ ಸೋಲಿಗಿಂತ ಹೆಚ್ಚಾಗಿ ಅದೇ ಅವರನ್ನು ಹಣ್ಣು ಮಾಡಿತು. ನುಂಗುವ ಪರೀಕ್ಷೆ ಆಗುವವರೆಗೆ ಒಂದು ಗುಟುಕು ನೀರನ್ನಾಗಲಿ, ಒಂದು ಮಾತ್ರೆಯನ್ನಾಗಲಿ ಬಾಯಿಗೆ ಹಾಕಬೇಡ; ಹಾಕಲು ಬರುವ ಬಂಧುಗಳನ್ನೂ ಕೈಹಿಡಿದು ತಡೆ.

ತಾತನಿಗೆ ಮಾತು ಹೋಗಿತ್ತೇ ಹೊರತು ತಿಳಿವಳಿಕೆ ಹೋಗಿರಲಿಲ್ಲ. ಅವರ ಮುಂದೆಯೇ ಯಾರೋ "ಇನ್ನು ಇವರಿಗೆ ಏನೂ ಗೊತ್ತಾಗುವುದಿಲ್ಲ" ಎಂದಾಗ ಅವರ ಎಡಗೈ ಹೊದಿಕೆಯನ್ನು ಬಿಗಿಯಾಗಿ ಹಿಡಿದುಕೊಂಡದ್ದನ್ನು ನಾನು ನೋಡಿದ್ದೇನೆ. ಆದ್ದರಿಂದಲೇ ರೋಗಿಯ ಎಚ್ಚರವನ್ನು ಅಂಕಗಳಲ್ಲಿ ಅಳೆಯುವ ಗ್ಲಾಸ್ಗೋ ಕೋಮಾ ಸ್ಕೇಲ್ ಬರೆಯುವಾಗ ಮೊತ್ತವನ್ನಷ್ಟೇ ಬರೆಯದೆ ಕಣ್ಣು, ಮಾತು, ಚಲನೆ ಮೂರನ್ನೂ ಬಿಡಿಬಿಡಿಯಾಗಿ ಬರೆ. 1974ರಲ್ಲಿ ಟೀಸ್‌ಡೇಲ್ ಮತ್ತು ಜೆನೆಟ್ ರೂಪಿಸಿದ ಆ ಅಳತೆ 15ರಿಂದ 3ರವರೆಗೆ ಇಳಿಯುತ್ತದೆ. ಮಾತು ಬಿದ್ದವರ ಒಟ್ಟು ಅಂಕ ಅವರ ಎಚ್ಚರವನ್ನು ಕಡಿಮೆ ಮಾಡಿ ತೋರಿಸುತ್ತದೆ. ಹಿಂದಿನ ಪಾಳಿಗಿಂತ ಎರಡು ಅಂಕ ಇಳಿದಿದ್ದರೆ, ಅಥವಾ ಒಂದು ಕಣ್ಣಿನ ಪಾಪೆ ಹಿಗ್ಗಿದ್ದರೆ, ರೌಂಡ್ಸ್‌ಗೆ ಕಾಯದೆ ಕೂಡಲೇ ಡಾಕ್ಟರನ್ನು ಕರೆ.

ಫಿಟ್ಸ್ ಬಂದಾಗಲೂ ಮೊದಲು ಗಡಿಯಾರ ನೋಡು. ನಮ್ಮ ಕಡೆ ಇಂದಿಗೂ ಕೈಗೆ ಬೀಗದ ಕೈ ಗೊಂಚಲು ಕೊಡುತ್ತಾರೆ, ಹಲ್ಲಿನ ನಡುವೆ ಚಮಚ ತುರುಕುತ್ತಾರೆ. ಬಾಯಿಗೆ ಏನನ್ನೂ ಇಡಬೇಡ, ಕೈಕಾಲು ಅದುಮಬೇಡ. ಪಕ್ಕಕ್ಕೆ ಹೊರಳಿಸಿ ತಲೆಯಡಿ ಮೆತ್ತನೆಯದನ್ನು ಕೊಡು, ಯಾವ ಕೈ ಮೊದಲು ಅದುರಿತು, ಕಣ್ಣು ಯಾವ ಕಡೆಗೆ ತಿರುಗಿತು ಎಂಬುದನ್ನು ಗಮನಿಸು. ಡಾಕ್ಟರ್ ಬರುವ ವೇಳೆಗೆ ಅದು ನಿಂತುಹೋಗಿರುತ್ತದೆ, ನೋಡಿದವಳು ನೀನೊಬ್ಬಳೇ ಆಗಿರುತ್ತೀಯೆ. ಐದು ನಿಮಿಷ ದಾಟಿದರೆ ತಾನಾಗಿ ನಿಲ್ಲುತ್ತದೆಂದು ಕಾಯುವಂತಿಲ್ಲ, ಫಿಟ್ಸ್ ನಿಲ್ಲಿಸುವ ಔಷಧಿ, ಲೊರಾಜೆಪಾಮ್ ಅಥವಾ ಮಿಡಜೋಲಾಮ್, ಬೇಕಾಗುತ್ತದೆ. ಫಿಟ್ಸ್ ನಿಂತ ಮೇಲೆ ಕೆಲವರಿಗೆ ಒಂದು ಕೈ ಕೆಲ ಗಂಟೆ ಸೋತಿರುವುದುಂಟು. ಅದು ಲಕ್ವವಲ್ಲ, ಆದರೆ ಮೊದಲು ಅದುರಿದ್ದನ್ನು ನೀನು ಬರೆಯದಿದ್ದರೆ ಎರಡೂ ಒಂದೇ ಆಗಿ ಕಾಣುತ್ತವೆ.

ಕಾಲಿನಿಂದ ಮೇಲಕ್ಕೆ ಬಲ ಕುಂದುತ್ತಾ ಬರುವ ಗಿಯಾನ್ ಬಾರೆ ಎಂಬ ನರರೋಗದ ರೋಗಿ ಸಿಕ್ಕರೆ, ಒಂದೇ ಉಸಿರಿನಲ್ಲಿ ಅಂಕಿ ಎಣಿಸಲು ಹೇಳು. ಬೆಳಿಗ್ಗೆ ಇಪ್ಪತ್ತೈದು ಎಣಿಸಿದವರು ಸಂಜೆ ಹನ್ನೆರಡಕ್ಕೆ ನಿಂತರೆ ಉಸಿರಾಟದ ಸ್ನಾಯುಗಳು ಸೋಲುತ್ತಿವೆ ಎಂದರ್ಥ.

ನಿನ್ನ ಕೈಗಡಿಯಾರದ ಸೆಕೆಂಡ್ ಮುಳ್ಳು ಓಡುತ್ತಿಲ್ಲ ಎಂದು ಇಲ್ಲಿಯೇ ಬಿಟ್ಟುಹೋಗಿದ್ದೆಯಲ್ಲ, ಹೊಸ ಸೆಲ್ ಹಾಕಿಸಿದ್ದೇನೆ. ಭಾನುವಾರ ಬೆಂಗಳೂರಿಗೆ ಬರುವ ನಿನ್ನ ಮಾವನ ಕೈಯಲ್ಲಿ ಕಳುಹಿಸುತ್ತೇನೆ, ಸೋಮವಾರ ಕಟ್ಟಿಕೊಂಡು ಹೋಗು.

ಇಂತಿ,
ನಿನ್ನ ಅಮ್ಮ