ಕಾರಿನ ಸ್ಕ್ರೀನ್ ಸೆಟ್ಟಿಂಗ್: ಡೆಲಿವರಿ ದಿನವೇ ಕನ್ನಡದಲ್ಲಿ ಕಲಿಸಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಬೆಂಗಳೂರು–ಮೈಸೂರು ಹೆದ್ದಾರಿಯ ಅಪಘಾತಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಆಗಾಗ ಪತ್ರಗಳು ಬರುತ್ತವೆ. ಅತಿ ವೇಗ, ಲೇನ್ ಶಿಸ್ತು, ಸರ್ವಿಸ್ ರಸ್ತೆ, ಬೈಕು ಆಟೋಗಳಿಗೆ ನಿಷೇಧ, ಎಲ್ಲದರ ಬಗ್ಗೆಯೂ ಓದಿದ್ದೇನೆ. ಸ್ಟೀರಿಂಗ್ ಪಕ್ಕದಲ್ಲೇ ಕೂತು ಡ್ರೈವರ್ ಕಣ್ಣನ್ನು ಎಳೆಯುವ ಟಚ್ ಸ್ಕ್ರೀನ್ ಬಗ್ಗೆ ಯಾರಾದರೂ ಬರೆದಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಅದಕ್ಕೇ ಈ ಪತ್ರ.

ನಾನು ಮೈಸೂರಿನಲ್ಲಿ ಆಕ್ಟಿಂಗ್ ಡ್ರೈವರ್. ಸ್ವಂತ ಗಾಡಿ ಇಲ್ಲ. ಓನರ್ ಫೋನ್ ಮಾಡಿದರೆ ಅವರ ಮನೆಗೆ ಹೋಗಿ ಅವರ ಕಾರನ್ನೇ ಓಡಿಸುತ್ತೇನೆ. ಇವತ್ತು ಬೆಂಗಳೂರು ಏರ್‌ಪೋರ್ಟ್, ನಾಳೆ ಮಂಡ್ಯದಲ್ಲಿ ಮದುವೆ, ನಾಡಿದ್ದು ನಂಜನಗೂಡು ದೇವಸ್ಥಾನ. ಹೀಗಾಗಿ ಎಲ್ಲ ಕಂಪನಿಯ ಕಾರುಗಳೂ ಕೈಗೆ ಬರುತ್ತವೆ. ಬ್ರೇಕು, ಆಕ್ಸಿಲರೇಟರ್ ಯಾವ ಕಾರಿನಲ್ಲಾದರೂ ಇರುವ ಜಾಗದಲ್ಲೇ ಇರುತ್ತವೆ. ಸ್ಕ್ರೀನಿನ ಒಳಗಿನ ಮೆನು ಹಾಗಲ್ಲ. ಒಂದರಲ್ಲಿ ಬ್ಲೂಟೂತ್ ಮೊದಲ ಪುಟದಲ್ಲೇ ಸಿಗುತ್ತದೆ. ಇನ್ನೊಂದರಲ್ಲಿ ಸೆಟ್ಟಿಂಗ್ಸ್ ಒಳಗೆ ಹೋಗಿ, ಅಲ್ಲಿಂದ ಕನೆಕ್ಷನ್ ಅಂತ ಒತ್ತಿ, ಆಮೇಲೆ ಡಿವೈಸ್ ಅಂತ ಒತ್ತಬೇಕು. ಮತ್ತೊಂದರಲ್ಲಿ ಸ್ಕ್ರೀನನ್ನು ಮೇಲಿನಿಂದ ಕೆಳಗೆ ಎಳೆದರೆ ಮಾತ್ರ ಕಾಣುತ್ತದೆ.

ಹಿಂದಿನ ಕಾರುಗಳಲ್ಲಿ ಎಸಿಗೆ, ವಾಲ್ಯೂಮಿಗೆ ತಿರುಗಿಸುವ ಬಿರಡೆ ಇತ್ತು. ಕಣ್ಣು ರಸ್ತೆ ಮೇಲೆ ಇಟ್ಟುಕೊಂಡೇ ಕೈಗೆ ಸಿಕ್ಕಿದ್ದನ್ನು ತಿರುಗಿಸಬಹುದಿತ್ತು. ಈಗ ಕೆಲವು ಗಾಡಿಗಳಲ್ಲಿ ಫ್ಯಾನ್ ಸ್ಪೀಡ್ ಕೂಡ ಸ್ಕ್ರೀನ್ ಒಳಗೆ ಹೋಗಿದೆ. ಗಾಜಿನ ಮೇಲೆ ಬೆರಳಿಗೆ ಏನೂ ತಗಲುವುದಿಲ್ಲ. ನೋಡಲೇಬೇಕು.

ನೋಡಿದರೆ ಏನಾಗುತ್ತದೆ ಅಂತ ಲೆಕ್ಕ ಹಾಕಿ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಹತ್ತಿರ ಹತ್ತಿರ 28 ಮೀಟರ್ ಓಡುತ್ತದೆ. ಎರಡು ಸೆಕೆಂಡ್ ಸ್ಕ್ರೀನ್ ನೋಡಿದರೆ ಸುಮಾರು 56 ಮೀಟರ್ ರಸ್ತೆ ನೋಡದೆ ಓಡಿಸಿದ ಹಾಗೆ. ಮುಂದಿನ ಲಾರಿ ಬ್ರೇಕ್ ಹಾಕಲು ಅಷ್ಟು ಹೊತ್ತು ಬೇಕಾಗಿಲ್ಲ.

ನನ್ನ ಮಗಳು ಎಂಜಿನಿಯರಿಂಗ್ ಓದುತ್ತಿದ್ದಾಳೆ. ಬೇರೆ ದೇಶಗಳಲ್ಲಿ ಇದಕ್ಕೆ ಏನು ಮಾಡಿದ್ದಾರೆ ಅಂತ ಅವಳನ್ನು ಕೇಳಿದೆ. ಹುಡುಕಿ ಓದಿ ಹೇಳಿದಳು. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ 2013ರಲ್ಲೇ ಕಾರು ಕಂಪನಿಗಳಿಗೆ ಒಂದು ಮಾರ್ಗಸೂಚಿ ಕೊಟ್ಟಿದೆ. ಓಡಿಸುವಾಗ ಮಾಡುವ ಯಾವುದೇ ಕೆಲಸಕ್ಕೆ ಒಂದು ಸಲಕ್ಕೆ ಎರಡು ಸೆಕೆಂಡಿಗಿಂತ ಜಾಸ್ತಿ ರಸ್ತೆಯಿಂದ ಕಣ್ಣು ತೆಗೆಯುವ ಹಾಗಿರಬಾರದು, ಕೆಲಸ ಮುಗಿಯುವಷ್ಟರಲ್ಲಿ ಒಟ್ಟು 12 ಸೆಕೆಂಡ್ ದಾಟಬಾರದು ಅಂತ. ಸ್ವೀಡನ್ನಿನ ಒಂದು ಕಾರು ಪತ್ರಿಕೆ 2022ರಲ್ಲಿ ಗಂಟೆಗೆ 110 ಕಿ.ಮೀ. ವೇಗದಲ್ಲಿ ಪರೀಕ್ಷೆ ಮಾಡಿತು. ಎಸಿ ಬಿಸಿ ಬದಲಾಯಿಸುವುದು, ರೇಡಿಯೋ ಸ್ಟೇಷನ್ ಹಾಕುವುದು, ಸ್ಕ್ರೀನ್ ಬೆಳಕು ಕಡಿಮೆ ಮಾಡುವುದು, ಇಂಥವೇ ನಾಲ್ಕು ಕೆಲಸ. ಬಟನ್ ಇದ್ದ 2005ರ ಹಳೇ ಕಾರಿನಲ್ಲಿ ಎಲ್ಲ 10 ಸೆಕೆಂಡಿನಲ್ಲಿ ಮುಗಿಯಿತು, ಗಾಡಿ 306 ಮೀಟರ್ ಹೋಗಿತ್ತು. ಹೊಸ ಟಚ್ ಸ್ಕ್ರೀನ್ ಕಾರುಗಳಲ್ಲಿ ಎಲ್ಲಕ್ಕಿಂತ ಹಿಂದೆ ಬಿದ್ದ ಕಾರಿಗೆ ಸುಮಾರು 45 ಸೆಕೆಂಡ್ ಬೇಕಾಯಿತು. ಅಷ್ಟರಲ್ಲಿ ಅದು 1,300 ಮೀಟರಿಗೂ ಜಾಸ್ತಿ ದೂರ ಓಡಿತ್ತು.

ಫೋನ್ ಕೈಯಲ್ಲಿ ಹಿಡಿದು ಓಡಿಸಿದರೆ ನಮ್ಮಲ್ಲಿ ದಂಡ ಇದೆ, ಸರಿ. ಫೋನಿಗಿಂತ ದೊಡ್ಡ ಸ್ಕ್ರೀನನ್ನು ಡ್ಯಾಶ್‌ಬೋರ್ಡಿಗೆ ಕೂರಿಸಿದ ಮೇಲೆ ಅದನ್ನು ಯಾವಾಗ ಮುಟ್ಟಬೇಕು, ಯಾವಾಗ ಮುಟ್ಟಬಾರದು ಅಂತ ಕಲಿಸುವವರೂ ಬೇಕಲ್ವಾ?

ಸರಸ್ವತಿಪುರಂನಲ್ಲಿ ಒಬ್ಬರು ನಿವೃತ್ತ ಟೀಚರ್ ಇದ್ದಾರೆ. ಊರೊಳಗೆ ಅವರೇ ಓಡಿಸುತ್ತಾರೆ, ಕುವೆಂಪುನಗರದಲ್ಲಿರುವ ತಂಗಿ ಮನೆಗೆ, ಮಾರ್ಕೆಟ್ಟಿಗೆ. ದೂರ ಹೋಗಬೇಕಾದರೆ ನನ್ನನ್ನು ಕರೆಯುತ್ತಾರೆ. ಕಾರು ಕೊಡಿಸಿದ್ದು ವಿದೇಶದಲ್ಲಿರುವ ಮಗ. ಡೆಲಿವರಿ ದಿನ ಅವರು ರಜೆ ಮೇಲೆ ಬಂದಿದ್ದರಂತೆ. ಶೋರೂಮಿನ ಹುಡುಗ ಮಗನಿಗೆ ಇಂಗ್ಲಿಷಿನಲ್ಲಿ ಬೇಗ ಬೇಗ ಎಲ್ಲ ತೋರಿಸಿ, ಮಗನ ಫೋನನ್ನೇ ಬ್ಲೂಟೂತ್‌ಗೆ ಸೇರಿಸಿ ಕಳಿಸಿದ್ದಾನೆ. ಮಗ ವಾಪಸ್ ಹೋದರು. ಆ ಫೋನೂ ಹೋಯಿತು. ದಿನಾ ಓಡಿಸುವ ಅಮ್ಮನಿಗೆ ಯಾರೂ ಏನೂ ಹೇಳಿರಲಿಲ್ಲ.

"ಅದರ ಹತ್ರ ಕೈ ತಗೊಂಡು ಹೋಗೋಕೇ ಭಯ ಕಣಪ್ಪ. ಏನೋ ಒತ್ತಿ ಇನ್ನೇನೋ ಆಗಿಬಿಟ್ರೆ?" ಅಂದರು.

"ಏನೂ ಆಗಲ್ಲಮ್ಮ. ಗಾಡಿ ನಿಂತೇ ಇದೆಯಲ್ಲ, ಈಗ್ಲೇ ನೋಡೋಣ ಬನ್ನಿ" ಅಂದೆ.

ಮನೆ ಮುಂದೆ, ಮರದ ನೆರಳಲ್ಲಿ ಕಾರು ನಿಲ್ಲಿಸಿಕೊಂಡು ಕೂತೆವು. ಅವರು ಡ್ರೈವರ್ ಸೀಟಿನಲ್ಲಿ, ನಾನು ಪಕ್ಕದಲ್ಲಿ. ಎಂಜಿನ್ ಆಫ್ ಮಾಡಿ ತುಂಬಾ ಹೊತ್ತು ಸ್ಕ್ರೀನ್ ಆನ್ ಇಟ್ಟರೆ ಬ್ಯಾಟರಿ ಇಳಿಯುತ್ತದೆ. ಹಾಗಂತ ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಬಾರದು, ಹೊಗೆ ಪ್ರಾಣಕ್ಕೇ ಅಪಾಯ. ಬಯಲಿನಲ್ಲಿ, ಹ್ಯಾಂಡ್‌ಬ್ರೇಕ್ ಹಾಕಿ ಮಾಡುವುದೇ ಒಳ್ಳೆಯದು.

ಮೊದಲು ಅವರ ಫೋನ್ ಸೇರಿಸಿದೆವು. ಆಮೇಲೆ ಬೆಳಕು. ಬಹಳ ಕಾರುಗಳಲ್ಲಿ ಹೆಡ್‌ಲೈಟ್ ಹಾಕಿದ ತಕ್ಷಣ ಸ್ಕ್ರೀನ್ ರಾತ್ರಿ ಬಣ್ಣಕ್ಕೆ ತಿರುಗಿ ಮಂಕಾಗುತ್ತದೆ. ಮಳೆಗಾಲದಲ್ಲಿ ಹಗಲೇ ಲೈಟ್ ಹಾಕಿದರೆ ಏನೂ ಕಾಣುವುದಿಲ್ಲ. ಜನ ಸ್ಕ್ರೀನ್ ಕೆಟ್ಟಿದೆ ಅಂದುಕೊಂಡು ಹೈವೇನಲ್ಲೇ ಬಗ್ಗಿ ಒತ್ತಲು ಶುರು ಮಾಡುತ್ತಾರೆ. ಹಗಲಿಗೊಂದು ರಾತ್ರಿಗೊಂದು ಬೆಳಕು ಮೊದಲೇ ಬೇರೆ ಬೇರೆ ಇಟ್ಟುಕೊಂಡರೆ ಆ ಪಾಡು ಇಲ್ಲ. ವೇಗ ಹೆಚ್ಚಿದಂತೆ ತಾನೇ ಏರುವ ವಾಲ್ಯೂಮ್ ಅಂತ ಒಂದಿದೆ. ಅದನ್ನು ಲೋ ಮಾಡಿದೆವು. ಮೈಸೂರು ದಾಟಿ ವೇಗ ಹಿಡಿದ ಕೂಡಲೇ ಹಾಡಿನ ಸದ್ದು ಏರುತ್ತದೆ ಅಂತ ಅವರಿಗೆ ಗಾಬರಿಯಾಗುತ್ತಿತ್ತು.

ಮ್ಯಾಪಿನ ದನಿ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ, ಬರೆಯಲೇಬೇಕು. ಹಾಡಿನ ವಾಲ್ಯೂಮ್ ಬೇರೆ, ದಾರಿ ಹೇಳುವ ದನಿಯ ವಾಲ್ಯೂಮ್ ಬೇರೆ. ಹೆಚ್ಚಿನ ಕಾರುಗಳಲ್ಲಿ ಆ ದನಿ ಮಾತಾಡುತ್ತಿರುವಾಗಲೇ ವಾಲ್ಯೂಮ್ ತಿರುಗಿಸಿದರೆ ಮಾತ್ರ ಅದು ಏರುತ್ತದೆ, ಇಳಿಯುತ್ತದೆ. ಬೇರೆ ಹೊತ್ತಿನಲ್ಲಿ ತಿರುಗಿಸಿದರೆ ಹಾಡು ಮಾತ್ರ ಬದಲಾಗುತ್ತದೆ. ಇದೊಂದು ಗೊತ್ತಿಲ್ಲದೆ ಎಷ್ಟೋ ಓನರ್‌ಗಳು "ಮ್ಯಾಪ್ ಮಾತೇ ಆಡಲ್ಲ" ಅಂತ ಫೋನನ್ನು ತೊಡೆ ಮೇಲೆ ಇಟ್ಟುಕೊಂಡು ನೋಡುತ್ತಾ ಓಡಿಸುವುದನ್ನು ಕಂಡಿದ್ದೇನೆ. ಇನ್ನೊಂದು ಸಂಗತಿ. ಗೂಗಲ್ ಮ್ಯಾಪ್ 2018ರಿಂದ ಕನ್ನಡದಲ್ಲೇ ದಾರಿ ಹೇಳುತ್ತದೆ. ಫೋನಿನ ಮ್ಯಾಪ್ ಸೆಟ್ಟಿಂಗ್‌ನಲ್ಲಿ ದನಿಯ ಭಾಷೆ ಕನ್ನಡ ಅಂತ ಆರಿಸಿದರೆ ಆಯಿತು. ಆ ಅಮ್ಮನ ಕಾರಿನಲ್ಲಿ ಕನ್ನಡದ ದನಿ ಬಂದಾಗ ಅವರಿಗೆ ಆದ ಖುಷಿ ಅಷ್ಟಿಷ್ಟಲ್ಲ. ಇದನ್ನು ಶೋರೂಮಿನಲ್ಲಿ ಯಾಕೆ ಹೇಳಲಿಲ್ಲ ಅಂತ ಕೇಳಿದರು. ನಾನು ಏನು ಹೇಳಲಿ?

ಅವರು ಒಂದು ನೋಟ್‌ಬುಕ್ ತಂದು ಎಲ್ಲ ಬರೆದುಕೊಂಡರು. "ಮನೆ ಚಿತ್ರ ಒತ್ತು, ಹಲ್ಲಿನ ಚಕ್ರ ಒತ್ತು, ಮೂರನೇ ಸಾಲು ಒತ್ತು" ಅಂತ ದಪ್ಪ ಅಕ್ಷರದಲ್ಲಿ. ಅವರ ಕಾರಿನ ಭಾಷೆಗಳ ಪಟ್ಟಿಯಲ್ಲಿ ಇಂಗ್ಲಿಷ್ ಇದೆ, ಹಿಂದಿ ಇದೆ, ಕನ್ನಡ ಇಲ್ಲ. ನಾನು ಓಡಿಸಿದ ಕಾರುಗಳಲ್ಲಿ ಕನ್ನಡದ ಮೆನು ಇದ್ದದ್ದನ್ನು ಇನ್ನೂ ನೋಡಿಲ್ಲ. ಜೇಬಿನಲ್ಲಿರುವ ಫೋನಿಗೆ ಕನ್ನಡ ಬಂದು ಎಷ್ಟೋ ವರ್ಷವಾಯಿತು. ಅದಕ್ಕಿಂತ ಎಷ್ಟೋ ಪಟ್ಟು ಬೆಲೆ ಕೊಟ್ಟು ಕೊಂಡ ಕಾರಿಗೆ ಬರಲಿಲ್ಲ ಅಂದರೆ ಕೇಳುವುದು ನಮ್ಮ ಹಕ್ಕು.

ರೇಡಿಯೋ ಕೂಡ ಹಾಗೇ. 1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಆಕಾಶವಾಣಿ ಶುರು ಮಾಡಿದ ಊರು ನಮ್ಮದು. ಆ ಊರಿನಲ್ಲಿ ಹೊಸ ಕಾರು ತಗೊಂಡವರು ಮೈಸೂರು ಆಕಾಶವಾಣಿಯ 100.6 ಸೇವ್ ಮಾಡಲು ಇನ್ನೊಬ್ಬರನ್ನು ಕೇಳಬೇಕು. ಸ್ಟೇಷನ್ ಬಂದಾಗ ಒಂದು ನಂಬರನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಅದು ಅಲ್ಲೇ ಉಳಿಯುತ್ತದೆ, ಅಷ್ಟೇ ಕೆಲಸ. ಹೇಳುವವರಿಲ್ಲ.

ಫೋನ್ ಕರೆಗಳ ವಿಷಯ ಸ್ವಲ್ಪ ಮುಜುಗರದ್ದು. ಓನರ್ ಹಿಂದೆ ಕೂತಿರುತ್ತಾರೆ, ಅವರ ಫೋನ್ ಕಾರಿಗೆ ಸೇರಿರುತ್ತದೆ. ಕರೆ ಬಂದರೆ ಇಡೀ ಕಾರಿಗೆ ಕೇಳುತ್ತದೆ. ಬ್ಯಾಂಕ್ ಸಾಲ, ಆಸ್ಪತ್ರೆ ರಿಪೋರ್ಟ್, ಅಣ್ಣತಮ್ಮಂದಿರ ಜಗಳ. ನಮಗೆ ಅದನ್ನು ಕೇಳುವ ಆಸೆ ಖಂಡಿತ ಇಲ್ಲ. ಕರೆ ಎತ್ತಿದ ಮೇಲೆ ಬಹಳ ಕಾರುಗಳ ಸ್ಕ್ರೀನಿನಲ್ಲಿ ಮಾತನ್ನು ಫೋನಿಗೆ ಕಳಿಸುವ ಒಂದು ಸಣ್ಣ ಚಿತ್ರ ಇರುತ್ತದೆ, ಅದನ್ನು ಒತ್ತಿದರೆ ಮಾತು ಕೈಯಲ್ಲಿರುವ ಫೋನಿಗೆ ಬರುತ್ತದೆ. ಹೊರಡುವ ಮೊದಲೇ ಬ್ಲೂಟೂತ್ ಬಿಡಿಸಿಬಿಟ್ಟರೆ ಇನ್ನೂ ವಾಸಿ. ಓನರ್‌ಗಳು ದಯವಿಟ್ಟು ಇದನ್ನು ಗಮನಿಸಬೇಕು.

ಸೆಕೆಂಡ್ ಹ್ಯಾಂಡ್ ಕಾರುಗಳಲ್ಲಿ ಇನ್ನೂ ಕಷ್ಟ. ರಿಂಗ್ ರಸ್ತೆಯ ಒಂದು ಕಡೆಯಿಂದ ಒಬ್ಬರು ಕಾರು ತಗೊಂಡರು. ಮೊದಲ ಸಲ ನಾನೇ ಓಡಿಸಿದೆ. ಹಳೇ ಓನರ್ ಸೇರಿಸಿದ್ದ ಫೋನುಗಳ ಹೆಸರು, ಮ್ಯಾಪಿನಲ್ಲಿ ಅವರ ಮನೆ ವಿಳಾಸ, ಎಲ್ಲ ಹಾಗೇ ಇತ್ತು. ಆ ವಿಳಾಸದಲ್ಲಿ ಒಂದು ಸಂಸಾರ ಇರುತ್ತದೆ ಅಲ್ವಾ? ಅದು ಯಾರ ಯಾರ ಕೈಗೆ ಹೋಗುತ್ತದೋ. ಮಾರುವ ಮೊದಲು ಸೆಟ್ಟಿಂಗ್ಸ್‌ನಲ್ಲಿ ಫ್ಯಾಕ್ಟರಿ ರೀಸೆಟ್ ಅಂತ ಇರುವುದನ್ನು ಒತ್ತಿ ಎಲ್ಲ ಅಳಿಸಬೇಕು. ಮಾರುವವರು ಮರೆತರೆ ಕೊಂಡುಕೊಳ್ಳುವ ಅಂಗಡಿಯವರಾದರೂ ಮಾಡಬೇಕು. ಆರ್‌ಸಿ ವರ್ಗಾವಣೆಗೆ ಕೊಡುವಷ್ಟೇ ಗಮನ ಇದಕ್ಕೂ ಕೊಡಬೇಕು.

ಒಂದು ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ. ಹೊರಗಿನಿಂದ ಹಾಕಿಸುವ ಸ್ಕ್ರೀನುಗಳಲ್ಲಿ ಹ್ಯಾಂಡ್‌ಬ್ರೇಕ್‌ಗೆ ಒಂದು ವೈರ್ ಕೊಡಬೇಕು. ಬ್ರೇಕ್ ಎಳೆದಾಗ ಮಾತ್ರ ವಿಡಿಯೋ ಬರಲಿ ಅಂತ ಕಂಪನಿಯವರೇ ಮಾಡಿರುವ ವ್ಯವಸ್ಥೆ ಅದು. ಕೆಲವು ಅಂಗಡಿಗಳಲ್ಲಿ ಆ ವೈರನ್ನು ಹ್ಯಾಂಡ್‌ಬ್ರೇಕ್‌ಗೆ ಕೊಡದೆ ಕಾರಿನ ಮೈಯ ಲೋಹಕ್ಕೇ ಸೇರಿಸಿಬಿಡುತ್ತಾರೆ, ಬ್ರೇಕ್ ಎಳೆದೇ ಇದೆ ಅಂತ ಸ್ಕ್ರೀನ್ ಅಂದುಕೊಳ್ಳುತ್ತದೆ. ಆಮೇಲೆ 100ರಲ್ಲಿ ಓಡುವಾಗಲೂ ಸಿನಿಮಾ ಬರುತ್ತದೆ. "ಕ್ರಿಕೆಟ್ ಹಾಕಪ್ಪ, ಎರಡು ಓವರ್ ಅಷ್ಟೇ" ಅಂತ ಓನರ್‌ಗಳು ಕೇಳುತ್ತಾರೆ. ನಾನು ಹಾಕುವುದಿಲ್ಲ. ಮದ್ದೂರಿನಲ್ಲಿ ನಿಲ್ಲಿಸುತ್ತೇನೆ, ವಡೆ ತಿನ್ನುತ್ತಾ ನಿಮ್ಮ ಫೋನಿನಲ್ಲಿ ನೋಡಿ ಅನ್ನುತ್ತೇನೆ. ಇದರಿಂದ ಒಂದಿಬ್ಬರು ನನ್ನನ್ನು ಕರೆಯುವುದನ್ನೇ ಬಿಟ್ಟಿದ್ದಾರೆ. ಬಿಡಲಿ. 80 ದಾಟಿದರೆ ಬರುವ ಬೀಪ್ ಸದ್ದನ್ನು ಸೆಟ್ಟಿಂಗ್‌ನಲ್ಲಿ ಆಫ್ ಮಾಡು ಅನ್ನುವವರಿಗೂ ಅದೇ ಉತ್ತರ. 2019ರ ಜುಲೈ 1ರಿಂದ ತಯಾರಾದ ಎಲ್ಲ ಕಾರಿಗೂ ಅದು ಕಡ್ಡಾಯ. 120 ದಾಟಿದರೆ ಬಿಡದೆ ಹೊಡೆದುಕೊಳ್ಳುತ್ತದೆ. ಅದು ನಮ್ಮ ಜೀವಕ್ಕೆ ಅಂತ ಇಟ್ಟಿದ್ದು.

ನನ್ನ ಬೇಡಿಕೆ ದೊಡ್ಡದೇನಲ್ಲ. ಮೈಸೂರು, ಮಂಡ್ಯದ ಶೋರೂಮಿನವರು ಡೆಲಿವರಿ ದಿನ ಹಾರ, ಪೂಜೆ, ಫೋಟೋ ಎಲ್ಲ ಚೆನ್ನಾಗಿ ಮಾಡುತ್ತಾರೆ. ಅದು ಇರಲಿ. ಜೊತೆಗೆ ಅರ್ಧ ಗಂಟೆ ಸ್ಕ್ರೀನಿಗೆ ಕೊಡಲಿ. ದುಡ್ಡು ಕೊಟ್ಟವರಿಗಲ್ಲ, ದಿನಾ ಓಡಿಸುವವರಿಗೆ. ಅದು ಮನೆಯ ಅಮ್ಮನಾಗಲಿ, ಮಗಳಾಗಲಿ, ಡ್ರೈವರ್ ಆಗಲಿ, ಅವರನ್ನೇ ಸ್ಟೀರಿಂಗ್ ಮುಂದೆ ಕೂರಿಸಿ, ಅವರ ಬೆರಳಿನಿಂದಲೇ ಒತ್ತಿಸಿ, ಕನ್ನಡದಲ್ಲಿ ಹೇಳಿಕೊಡಲಿ. ಸ್ಟೀರಿಂಗ್ ಮೇಲಿನ ಬಟನ್‌ಗಳನ್ನು ಮೊದಲು ಕಲಿಸಲಿ, ಓಡಿಸುವಾಗ ಬೇಕಾಗುವುದು ಅವೇ. ಡ್ರೈವಿಂಗ್ ಸ್ಕೂಲಿನವರು ಎಚ್, ಎಂಟು ಹೊಡೆಸುವುದರ ಜೊತೆ ಒಂದು ದಿನ ಇದಕ್ಕೂ ಇಡಲಿ.

ಕಂಪನಿಗಳು ಮೆನುವಿನಲ್ಲಿ ಕನ್ನಡ ಕೊಡಬೇಕು. ಎಸಿಗೆ, ವಾಲ್ಯೂಮಿಗೆ, ಗಾಜಿನ ಮಂಜು ತೆಗೆಯುವುದಕ್ಕೆ ಕೈಗೆ ಸಿಗುವ ಬಟನ್ ಉಳಿಸಬೇಕು. ಯುರೋಪಿನ ಕಾರು ಸುರಕ್ಷತಾ ಸಂಸ್ಥೆ ಯೂರೋ ಎನ್‌ಕ್ಯಾಪ್, ಇಂಡಿಕೇಟರ್, ವೈಪರ್, ಹಾರ್ನ್‌ನಂಥವಕ್ಕೆ ಬೇರೆ ಬಟನ್ ಇರಬೇಕು, ಇಲ್ಲದಿದ್ದರೆ 2026ರಿಂದ ಅಂಕ ಕಡಿಮೆ ಅಂತ ಹೇಳಿದೆ. ನಮ್ಮಲ್ಲೂ 2023ರಿಂದ ಕಾರುಗಳ ಸುರಕ್ಷತೆಗೆ ಅಂಕ ಕೊಡುವ ಭಾರತ್ ಎನ್‌ಕ್ಯಾಪ್ ಇದೆ. ಅದರಲ್ಲೂ ಇದನ್ನು ಸೇರಿಸಲು ನಮ್ಮ ಸಂಸದರು ದೆಹಲಿಯಲ್ಲಿ ಕೇಳಲಿ.

ಸಂಪಾದಕರಲ್ಲೂ ಒಂದು ಮನವಿ ಇದೆ. ವಾರಕ್ಕೊಮ್ಮೆ ಸ್ವಲ್ಪ ಜಾಗ ಕೊಟ್ಟು, ಜನ ಹೆಚ್ಚಾಗಿ ಕೊಳ್ಳುವ ಒಂದೊಂದು ಕಾರಿನ ಸ್ಕ್ರೀನ್ ಬಗ್ಗೆ ಕನ್ನಡದಲ್ಲಿ ಹಾಕಿ. ಯಾವ ಚಿತ್ರ ಒತ್ತಿದರೆ ಏನು ಬರುತ್ತದೆ ಅಂತ, ಸ್ಕ್ರೀನಿನ ಫೋಟೋ ಸಮೇತ. ಜನ ಅದನ್ನು ಕತ್ತರಿಸಿ ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಳ್ಳುತ್ತಾರೆ. ಟೀಚರಮ್ಮ ತಮ್ಮ ನೋಟ್‌ಬುಕ್ಕಿನ ಪುಟಗಳನ್ನು ಜೆರಾಕ್ಸ್ ಮಾಡಿಸಿ ಕೊಡಲು ಒಪ್ಪಿದ್ದಾರೆ. ನೀವು ಹೂಂ ಅಂದರೆ ನಾನೇ ನಿಮ್ಮ ಮೈಸೂರು ಕಚೇರಿಗೆ ತಂದುಕೊಡುತ್ತೇನೆ.

ಇಂತಿ,
ಒಬ್ಬ ಆಕ್ಟಿಂಗ್ ಡ್ರೈವರ್,
ವಿಜಯನಗರ, ಮೈಸೂರು